300 ರೂಪಾಯಿ ಜಮಖಾನಕ್ಕೆ ಹಳೇ ಸೀರೆಯ ಅಂಚು

ಜಮಖಾನ ಹಾಳಾಗುವುದು ಅಂಚಿನಿಂದ. ನಮ್ಮ ಮನೆಯಲ್ಲಿ ಕೊನೆಗೆ ನೆಲ ಒರೆಸುವ ಬಟ್ಟೆಯಾದ ಜಮಖಾನಗಳನ್ನೆಲ್ಲ ನೆನಪು ಮಾಡಿಕೊಂಡೆ. ಒಂದಕ್ಕೂ ನಡುವೆ ತೂತು ಬಿದ್ದಿರಲಿಲ್ಲ. ಮೂಲೆಯಲ್ಲಿ ಒಂದು ನೂಲು ಬಿಚ್ಚಿಕೊಳ್ಳುತ್ತದೆ, ಮಗು ಅದನ್ನು ಎಳೆಯುತ್ತದೆ, ಪೊರಕೆ ಸಿಕ್ಕಿಹಾಕಿಕೊಳ್ಳುತ್ತದೆ, ಅಲ್ಲಿಗೆ ಮುಗಿಯಿತು. ಅದಕ್ಕೇ ಅಂಚು ಕಟ್ಟುವುದು ನನಗೆ ಮೊದಲು ಗಟ್ಟಿತನದ ಕೆಲಸ, ಅಂದ ಆಮೇಲೆ.

ನಾವಿರುವುದು ತಾಳವಾಡಿ ಕಡೆ. ಜಿಲ್ಲೆ ತಮಿಳುನಾಡಿನ ಈರೋಡು, ಮನೆಮಾತು ಕನ್ನಡ. ಜಮಖಾನಕ್ಕೆ ಹೆಸರಾದ ಭವಾನಿ ಊರೂ ಇದೇ ಜಿಲ್ಲೆಯದ್ದು, ಕಾವೇರಿಗೆ ಭವಾನಿ ಹೊಳೆ ಸೇರುವ ಜಾಗ. ದಿಂಬಂ ಘಟ್ಟದ 27 ತಿರುವು ಇಳಿದು, ಸತ್ಯಮಂಗಲ ದಾಟಿ ಹೋಗಬೇಕು. ಅಲ್ಲಿನ ಕೈಮಗ್ಗದ ಜಮಖಾನಕ್ಕೆ ಜಿಐ, ಅಂದರೆ ಆ ಊರಿನದೇ ಸರಕು ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ನಮ್ಮತ್ತೆ ತರಿಸಿದ್ದ ಒಂದು ಇನ್ನೂ ಅಟ್ಟದಲ್ಲಿದೆ. ಅಗಲ ಅಗಲ ಪಟ್ಟೆ, ಎತ್ತಿದರೆ ತೋಳು ನೋಯುವಷ್ಟು ಭಾರ. ಅಂಥದ್ದು ನಿಮ್ಮ ಮನೆಯಲ್ಲಿದ್ದರೆ ಅದರ ತಂಟೆಗೆ ಹೋಗಬೇಡಿ. ಅದಕ್ಕೆ ಲೇಸ್ ಹಚ್ಚುವುದೂ ಒಂದೇ, ಚಿನ್ನದ ಸರಕ್ಕೆ ಬಣ್ಣ ಬಳಿಯುವುದೂ ಒಂದೇ. ನಾನು ಹೇಳುತ್ತಿರುವುದು ಸಂತೆಯಲ್ಲಿ 300 ರೂಪಾಯಿಗೆ ಸಿಗುವ ತೆಳು ಜಮಖಾನದ ವಿಷಯ. ತಂದ ದಿನ ಚೆನ್ನಾಗಿಯೇ ಇರುತ್ತದೆ. ಹಾಸಿದ ಮೇಲೆ ಯಾಕೋ ಬಡವಾಗಿ ಕಾಣುತ್ತದೆ, ಅಲ್ವಾ?

ಮೊದಲು ಒಗೆಯಿರಿ. ಹೊಸದನ್ನು ಯಾಕೆ ಒಗೆಯಬೇಕು ಅಂತ ನನ್ನ ಸೊಸೆಯೂ ಕೇಳಿದ್ದಳು. ಹತ್ತಿ ಜಮಖಾನ ಮೊದಲ ನೀರಿಗೆ ಕುಗ್ಗುತ್ತದೆ. ನಾನೊಮ್ಮೆ ಅವಸರಕ್ಕೆ ಬಿದ್ದು, ಒಗೆಯದ ಜಮಖಾನಕ್ಕೆ ನೈಲಾನ್ ಲೇಸ್ ಸುತ್ತಲೂ ಹೊಲಿದುಬಿಟ್ಟೆ. ಹಬ್ಬದ ದಿನ ಎಲ್ಲರೂ ಹೊಗಳಿದರು. ಹಬ್ಬ ಮುಗಿದು ಒಗೆದು ಒಣಹಾಕಿದೆ. ಜಮಖಾನ ಕುಗ್ಗಿತು, ಲೇಸ್ ಕುಗ್ಗಲಿಲ್ಲ. ಸುತ್ತಲೂ ನೆರಿಗೆ ನೆರಿಗೆಯಾಗಿ ಮಗುವಿನ ಫ್ರಾಕಿನ ಹಾಗೆ ನಿಂತಿತು. ನೆಲಕ್ಕೆ ಹಾಸಿದರೆ ಮೂಲೆಗಳು ಮೇಲಕ್ಕೆ ಏಳುತ್ತಿದ್ದವು. ಕೂತು ಅಷ್ಟೂ ಬಿಚ್ಚಬೇಕಾಯಿತು. ಹಾಗಾಗಿ ಜಮಖಾನ, ಅಂಚಿನ ಪಟ್ಟಿ ಎರಡನ್ನೂ ಬೇರೆ ಬೇರೆ ಬಕೆಟ್‌ನಲ್ಲಿ ಒಂದು ರಾತ್ರಿ ನೆನೆಸಿ, ಒಣಗಿಸಿ, ಆಮೇಲೆ ಅಳತೆ ತೆಗೆಯಿರಿ. ಬಣ್ಣ ಬಿಡುತ್ತದೋ ಇಲ್ಲವೋ ಅನ್ನುವುದೂ ಆಗಲೇ ಗೊತ್ತಾಗುತ್ತದೆ. ಒದ್ದೆ ಇದ್ದಾಗ ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಕಲ್ಲುಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ನಮ್ಮಮ್ಮ ನಂಬಿದ್ದರು. ನಾನೂ ಹಾಕಿ ನೋಡಿದ್ದೇನೆ. ಬಿಡುವ ಬಣ್ಣ ಬಿಟ್ಟೇ ಬಿಡುತ್ತದೆ.

ಅಂಟಿನ ಸುದ್ದಿಗೆ ಹೋಗಲೇಬೇಡಿ. ಮಕ್ಕಳು ಕಾಗದಕ್ಕೆ, ಬಡಗಿ ಹಲಗೆಗೆ ಹಚ್ಚುವ ಬಿಳಿ ಅಂಟು ನೀರು ಬಿದ್ದರೆ ಮೆತ್ತಗಾಗುತ್ತದೆ. ಒಗೆಯುವ ವಸ್ತುವಿಗೆ ಹೊಲಿಗೆಯೇ ಸರಿ.

ಇನ್ನು ಅಂಚಿಗೆ ಏನು ಹಾಕುವುದು? ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಜರಿ ಲೇಸ್ ಸಿಗುತ್ತದೆ, ಆದರೆ ಕಾಲಿಗೆ ಚುಚ್ಚುತ್ತದೆ, ಒಂದು ವರ್ಷದಲ್ಲಿ ಕಪ್ಪಾಗುತ್ತದೆ. ನನ್ನ ಮೆಚ್ಚಿನದು ಹಳೇ ಕಾಟನ್ ಸೀರೆಯ ಅಂಚು. ಲೆಕ್ಕ ನೋಡಿ. ಸೀರೆ ಐದೂವರೆ ಮೀಟರ್, ಅಂದರೆ ಸುಮಾರು 18 ಅಡಿ. 3 ಅಡಿಗೆ 5 ಅಡಿಯ ಜಮಖಾನದ ಸುತ್ತಳತೆ 16 ಅಡಿ. ಒಂದು ಬದಿಯ ಅಂಚಿನಲ್ಲೇ ಪೂರ್ತಿ ಸುತ್ತು ಮುಗಿದು, ಮೂಲೆ ಮಡಿಸುವುದಕ್ಕೆ 2 ಅಡಿ ಉಳಿಯುತ್ತದೆ. 4ಕ್ಕೆ 6 ಅಡಿಯದಾದರೆ 20 ಅಡಿ ಬೇಕು. ಆಗ ಇನ್ನೊಂದು ಬದಿಯದನ್ನೂ ಜೋಡಿಸಬೇಕು. ಜೋಡಣೆ ಮೂಲೆಗೆ ಬರದ ಹಾಗೆ ನೋಡಿಕೊಳ್ಳಿ, ಅಲ್ಲಿ ಬಟ್ಟೆ ಮೊದಲೇ ದಪ್ಪ.

ಹಳೇ ರೇಷ್ಮೆ ಸೀರೆ ಬೇಡ. ನೋಡಲು ಗಟ್ಟಿಯಾಗಿರುತ್ತದೆ, ಮಡಿಕೆ ಬಿದ್ದ ಕಡೆ ಜೀವ ಹೋಗಿರುತ್ತದೆ. ಎರಡು ಹೆಬ್ಬೆರಳಿನ ನಡುವೆ ಹಿಡಿದು ಸ್ವಲ್ಪ ಎಳೆಯಿರಿ, ಚರ್ ಅಂದರೆ ಬಿಟ್ಟುಬಿಡಿ. ಅಸಲಿ ಜರಿ ಇದ್ದರಂತೂ ಕಾಲಡಿಗೆ ಹಾಕುವುದು ಯಾಕೆ, ಹಳೇ ಜರಿ ಕೊಳ್ಳುವವರು ಇದ್ದಾರಲ್ಲ.

ಅಂಚನ್ನು ಕತ್ತರಿಸುವಾಗ ಸೀರೆಯ ಒಡಲಿನದ್ದು ಅರ್ಧ ಇಂಚು ಸೇರಿಸಿಕೊಂಡೇ ಕತ್ತರಿಸಿ. ಈ ಅರ್ಧ ಇಂಚೇ ಹೊಲಿಗೆಗೆ ಹೋಗುತ್ತದೆ. ಈಗ ಜಮಖಾನವನ್ನು ಕವುಚಿ ಹಾಕಿ. ಅದರ ಮೇಲೆ ಪಟ್ಟಿ ಇಡಿ. ಪಟ್ಟಿಯ ಒಳ್ಳೆಯ ಮುಖ ಕೆಳಗೆ ಬರಬೇಕು, ಕತ್ತರಿಸಿದ ಕಡೆ ಜಮಖಾನದ ಅಂಚಿಗೆ ಸರಿಯಾಗಿ ಕೂರಬೇಕು. ಅರ್ಧ ಇಂಚು ಒಳಗೆ ಸುತ್ತಲೂ ಹೊಲಿಯಿರಿ. ಆಮೇಲೆ ಜಮಖಾನ ತಿರುಗಿಸಿ, ಪಟ್ಟಿಯನ್ನು ಅಂಚಿನ ಮೇಲಿಂದ ಈಚೆಗೆ ಎಳೆದು ಮುಂಭಾಗಕ್ಕೆ ತನ್ನಿ. ಕತ್ತರಿಸಿದ ಕಡೆ ಒಳಗೆ ಮುಚ್ಚಿಹೋಗುತ್ತದೆ. ಮೇಲೆ ಬರುವುದು ಮಗ್ಗದಲ್ಲೇ ಕಟ್ಟಿದ ಸೀರೆಯ ಅಂಚು, ಅದನ್ನು ಇನ್ನೊಮ್ಮೆ ಮಡಿಸುವ ಕೆಲಸವೇ ಇಲ್ಲ. ಅದರ ಪಕ್ಕದಲ್ಲೇ ಒಂದು ಹೊಲಿಗೆ ಓಡಿಸಿದರೆ ಆಯಿತು.

ಕೈ ನಡುಗುವುದು ಮೂಲೆಯಲ್ಲಿ. ಹಿಂಭಾಗದ ಹೊಲಿಗೆಯನ್ನು ಮೂಲೆಗೆ ಅರ್ಧ ಇಂಚು ಇರುವಾಗಲೇ ನಿಲ್ಲಿಸಿ ನೂಲು ಕತ್ತರಿಸಿ. ಪಟ್ಟಿಯನ್ನು ಹೊರಗಡೆಗೆ ಮಡಿಸಿ, ಮತ್ತೆ ಮುಂದಿನ ಬದಿಯ ಗುಂಟ ಒಳಗೆ ಮಡಿಸಿ, ಅಲ್ಲಿಂದ ಹೊಸದಾಗಿ ಶುರುಮಾಡಿ. ಮುಂಭಾಗಕ್ಕೆ ತಿರುಗಿಸಿದಾಗ ಮೂಲೆ ಲಕೋಟೆಯ ಹಾಗೆ ಓರೆಯಾಗಿ ತಾನೇ ಮಡಿಚಿಕೊಳ್ಳುತ್ತದೆ. ಓದಿದರೆ ತಲೆ ತಿರುಗುತ್ತದೆ, ನನಗೂ ಗೊತ್ತು. ಹಳೇ ಪೇಪರಿನಲ್ಲಿ ಒಂದು ಪಟ್ಟಿ ಕತ್ತರಿಸಿ, ಒಂದು ಪುಸ್ತಕದ ಮೂಲೆಗೆ ಎರಡು ಸಲ ಮಡಿಸಿ ನೋಡಿ. ಕೈಗೆ ಬಂದುಬಿಡುತ್ತದೆ.

ತುಳಿಯುವ ಮೆಷಿನ್ ಇದ್ದರೆ 18ನೇ ನಂಬರಿನ ಸೂಜಿ ಹಾಕಿ, ಹೊಲಿಗೆ ಸ್ವಲ್ಪ ಉದ್ದ ಇರಲಿ. ರವಿಕೆ ಹೊಲಿಯುವ ಸೂಜಿ ಮೂಲೆ ಬರುವಷ್ಟರಲ್ಲಿ ಮುರಿಯುತ್ತದೆ. ಕೈಯಲ್ಲಿ ಹೊಲಿಯುವವರು ಕೌದಿ ಹೊಲಿಯುವ ಸೂಜಿ ತೆಗೆದುಕೊಳ್ಳಿ. ಜಮಖಾನ ಅಂದಕೂಡಲೇ ದಬ್ಬಳ ಹುಡುಕುವವರಿದ್ದಾರೆ. ದಬ್ಬಳ ಇರುವುದು ರಾಗಿ ಮೂಟೆಗೆ, ಸೀರೆ ಅಂಚಿಗೆ ಹಾಕಿದರೆ ತೂತು ಮುಚ್ಚುವುದೇ ಇಲ್ಲ. ನೂಲನ್ನು ಮೇಣದಬತ್ತಿಯ ಮೇಲೆ ಎರಡು ಸಲ ಎಳೆದುಕೊಳ್ಳಿ, ಗಂಟು ಬೀಳುವುದಿಲ್ಲ.

ಕುಚ್ಚು ಬೇಕು ಅನ್ನುವವರಿಗೆ ಒಂದು ಮಾತು. ಸೀರೆ ಕುಚ್ಚು ಹಾಕಲು ಬರುವ ಹುಡುಗಿಯರು ಈಗ ಮನೆಮನೆಯಲ್ಲೂ ಇದ್ದಾರೆ, ಅದೇ ಕೈಕೆಲಸ ಇಲ್ಲೂ ಸಾಕು. ಆದರೆ ರೇಷ್ಮೆ ದಾರ ಬೇಡ, ದಪ್ಪ ಹತ್ತಿ ನೂಲು ತನ್ನಿ. ಸತ್ಯಮಂಗಲದ ಅಂಗಡಿಯಲ್ಲಿ ನಾನು ಕುಚ್ಚು ಕುಚ್ಚು ಅಂತ ಎಷ್ಟು ಕೇಳಿದರೂ ಆ ಹುಡುಗನಿಗೆ ತಿಳಿಯಲಿಲ್ಲ. ತಮಿಳಿನಲ್ಲಿ ಕುಂಜಲಂ ಅಂದೆ, ತಕ್ಷಣ ಡಬ್ಬಿ ತೆಗೆದ. 3 ಇಂಚು ಅಗಲದ ರಟ್ಟಿಗೆ ನೂಲನ್ನು 20 ಸುತ್ತು ಸುತ್ತಿ, ಮೇಲೆ ಕಟ್ಟಿ, ಕೆಳಗೆ ಕತ್ತರಿಸಿದರೆ ಒಂದು ಕುಚ್ಚು. ಗಿಡ್ಡ ಬದಿಗಳಿಗೆ ಮಾತ್ರ ಹಾಕಿ, 2 ಇಂಚಿಗೊಂದರಂತೆ 3 ಅಡಿಗೆ 19 ಬೇಕಾಗುತ್ತದೆ. ಓಡಾಡುವ ಉದ್ದ ಬದಿಗೆ ಬೇಡ. ವಯಸ್ಸಾದವರ ಕಾಲಿನ ಬೆರಳು ಸಿಕ್ಕಿಕೊಳ್ಳುತ್ತದೆ, ನನ್ನದೇ ಸಿಕ್ಕಿತ್ತು. ಮಣಿ, ಕನ್ನಡಿ ಚೂರು ಯಾವುದೂ ಬೇಡ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಮಣಿ ನೇರ ಬಾಯಿಗೆ ಹೋಗುತ್ತದೆ.

ನಮ್ಮದು ಕಾವಿ ನೆಲ, ಚಳಿಗಾಲದಲ್ಲಿ ಕಾಲಿಡಲು ಆಗುವುದಿಲ್ಲ, ಮೇಲಿಂದ ಜಾರಿಕೆ. ಜಮಖಾನದ ಕೆಳಗೆ ರಬ್ಬರಿನ ಜಾಲರಿ ಹಾಳೆ ಹಾಕಿದ್ದೇವೆ. ಸುತ್ತಲೂ ಒಂದೊಂದು ಇಂಚು ಕಡಿಮೆ ಕತ್ತರಿಸಿದರೆ ಹೊರಗೆ ಕಾಣುವುದಿಲ್ಲ. ಒಗೆದ ಮೇಲೆ ಕುಚ್ಚು ಹಿಡಿದು ತಂತಿಗೆ ನೇತುಹಾಕಬೇಡಿ, ನಡುವಿಗೆ ಮಡಿಸಿ ನೆರಳಲ್ಲಿ ಹಾಕಿ. ಹಸಿ ಇರುವಾಗಲೇ ಕುಚ್ಚುಗಳನ್ನು ಬೆರಳಿನಿಂದ ಬಾಚಿಬಿಡಿ.

ಸೀರೆಯ ಇನ್ನೊಂದು ಬದಿಯ ಅಂಚು ಉಳಿಯುತ್ತದಲ್ಲ, ಅದನ್ನು ಬಾಗಿಲ ಕಾಲೊರೆಸಿಗೆ ಹಾಕೋಣ ಅಂದುಕೊಂಡಿದ್ದೆ. ಸೊಸೆ ಬಿಡಲಿಲ್ಲ. "ಅತ್ತೆ, ಅದು ನನಗಿರಲಿ" ಅಂತ ದಿಂಬಿನ ಕವರಿಗೆ ಎತ್ತಿಟ್ಟುಕೊಂಡಿದ್ದಾಳೆ.