ಪುಟ್ಟ ಮಗು ಜೊತೆ ಆನೆಗುಂದಿ ಕಡೆ ಟೆಂಟ್ ಹಾಕೋದಾದ್ರೆ

ಎರಡು ವರ್ಷದ ಮಗು ಇದ್ದರೆ ಹಂಪಿ ಹತ್ತಿರದ ಆನೆಗುಂದಿ, ಸಾಣಾಪುರ ಕಡೆಗೆ ಡಿಸೆಂಬರ್, ಜನವರಿಯೇ ಸರಿ. ಬೇಸಿಗೆಯಲ್ಲಿ ಬೇಡವೇ ಬೇಡ, ಯಾಕಂದ್ರೆ ಹಗಲೆಲ್ಲ ಕಾದ ಬಂಡೆ ಕತ್ತಲಾದ ಮೇಲೂ ಧಗೆ ಬಿಡುತ್ತಲೇ ಇರುತ್ತದೆ, ಮಗು ನಿದ್ದೆ ಮಾಡುವುದಿಲ್ಲ.

ಗುಡ್ಡದ ಬುಡದಲ್ಲಿ ಟೆಂಟ್ ಹಾಕಬೇಡಿ. ಇಲ್ಲಿ ಚಿರತೆ, ಕರಡಿ ಎರಡೂ ಇವೆ. ಯಾವುದಾದರೂ ಹೋಂಸ್ಟೇ ಅಂಗಳದಲ್ಲಿ ಕೇಳಿಕೊಂಡು ಹಾಕಿ. ಕೆರೆಯಿಂದಲೂ ದೂರ ಇರಿ, ಈ ವಯಸ್ಸಿನವು ನೀರು ಕಂಡರೆ ಒಂದೇ ಓಟ ಅಲ್ವಾ.

ಹೊರಡುವ ಮುಂಚೆ ಮನೆ ಮಾಳಿಗೆ ಮೇಲೆ ಒಂದೆರಡು ರಾತ್ರಿ ಟೆಂಟಿನಲ್ಲೇ ಮಲಗಿ. ಇದು ತುಂಬಾ ಮುಖ್ಯ. ನಮ್ಮ ಮಗಳು ಮೊದಲ ದಿನ ಜಿಪ್ ಎಳೆದ ಸದ್ದಿಗೇ ಅತ್ತುಬಿಟ್ಟಳು. ಮರುದಿನ ತಾನೇ ಜಿಪ್ ಹಿಡಿದು ಮೇಲೆ ಕೆಳಗೆ ಎಳೆಯುತ್ತಾ ಕೂತಳು, ಆಮೇಲೆ ಅಜ್ಜಿ ಹೊಲಿದ ಕೌದಿ ಕೆನ್ನೆಗೆ ಒತ್ತಿಕೊಂಡು ಹಾಗೇ ಮಲಗಿದಳು. ನಿಮ್ಮ ಮಗು ದಿನಾ ಹೊದೆಯೋ ಕೌದಿ ಮರೆಯದೆ ತಗೊಂಡು ಹೋಗಿ, ಹೊಸ ಹೊದಿಕೆ ಬೇಡ.

ಊಟವೂ ಅಷ್ಟೇ, ದಿನಾ ತಿನ್ನೋದೇ ಇರಲಿ: ಮೊಸರನ್ನ, ಬಾಳೆಹಣ್ಣು. ಕುದಿಸಿ ಆರಿಸಿದ ನೀರು ಜಾಸ್ತಿನೇ ಇಟ್ಟುಕೊಳ್ಳಿ. ಭೇದಿ ಆದರೆ ಕೊಡೋ ಓಆರ್‌ಎಸ್ ದೊಡ್ಡ ಪ್ಯಾಕೆಟ್ ಪೂರ್ತಿ 1 ಲೀಟರ್ ನೀರಿಗೆ ಕಲಸಬೇಕು, 24 ಗಂಟೆ ಆದ ಮೇಲೆ ಉಳಿದದ್ದು ಚೆಲ್ಲಿ. ಸೊಳ್ಳೆ ಪರದೆ, ಟಾರ್ಚ್ ಬೇಕೇ ಬೇಕು. ಬೆಳಿಗ್ಗೆ ಮಗುವಿನ ಶೂ ಜಾಡಿಸಿಯೇ ಹಾಕಿ, ಒಳಗೆ ಚೇಳು ಸೇರಿರಬಹುದು.