ಕಮಾಂಡರ್ ಜೀಪಿನ ಹೆಡ್‌ಲೈಟು: ಒಂಬತ್ತು ಸಾವಿರ ಕಳೆದ ಮೇಲೆ ಸಿಕ್ಕ ಬೆಳಕು

ನನ್ನಲ್ಲಿರುವುದು 1996ರ ಮಹೀಂದ್ರಾ ಕಮಾಂಡರ್. ಕಲಬುರಗಿಯಿಂದ ಜೇವರ್ಗಿಯಾಚೆಗಿನ ಹೊಲಕ್ಕೆ ವಾರದಲ್ಲಿ ಮೂರು ನಾಲ್ಕು ಸಲ ಹೋಗಿಬರುತ್ತೇನೆ. ತೊಗರಿ ರಾಶಿಯ ದಿನಗಳಲ್ಲಂತೂ ಮರಳುವಾಗ ರಾತ್ರಿ ಹತ್ತು, ಹನ್ನೊಂದು ಗಂಟೆಯಾಗುತ್ತದೆ. ಆ ಹೊತ್ತಿನಲ್ಲಿ ಕಟ್ಟಿಸಂಗಾವಿಯ ಭೀಮಾ ಸೇತುವೆ ದಾಟಿದ ಮೇಲೆ, ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಎಲ್ಲಿ ಎದುರಾದೀತೆಂದು ಕಣ್ಣು ಕಿರಿದಾಗಿಸಿ ಓಡಿಸಬೇಕಾಗಿತ್ತು. ನನ್ನ ಹೆಡ್‌ಲೈಟು ಮಾಗಿದ ಲಿಂಬೆಹಣ್ಣಿನ ಬಣ್ಣದ್ದಾಗಿತ್ತು. ಇಪ್ಪತ್ತು ಮಾರು ಮುಂದಿನದು ಕಾಣುತ್ತಿರಲಿಲ್ಲ. ಇದನ್ನು ಸರಿಪಡಿಸಬೇಕೆಂದಾಗ ನಮ್ಮ ವೈರಿಂಗ್ ಉಸ್ತಾದರು ನಕ್ಕುಬಿಟ್ಟರು. “ಹಳೀ ಗಾಡಿ ಅದರಿ ಕಾಕಾ, ಇದರ ಬೆಳಕೇ ಇಷ್ಟು. ಸುಮ್ಮ ರೊಕ್ಕ ಹಾಳು ಮಾಡ್ಕೋಬ್ಯಾಡ್ರಿ” ಎಂದರು. ರೊಕ್ಕ ಹಾಳಾಯಿತೆಂಬುದು ನಿಜ, ಆದರೆ ಅವರು ಹೇಳಿದ ಕಾರಣಕ್ಕಲ್ಲ.

ಎಲ್ಲರೂ ಮಾಡುವ ತಪ್ಪನ್ನೇ ಮೊದಲು ನಾನೂ ಮಾಡಿದೆ. 60/55 ವ್ಯಾಟಿನ (ದೂರದ ಬೆಳಕಿಗೆ 60, ತಗ್ಗಿಸಿದ ಡಿಪ್ ಬೆಳಕಿಗೆ 55) ಎಚ್‌4 ಬಲ್ಬು ತೆಗೆದು 100/90ರ ಜೋಡಿ ಹಾಕಿದೆ; ಐನೂರು ರೂಪಾಯಿಯಷ್ಟಾಗಿರಬೇಕು. ಮೊದಲ ಎರಡು ರಾತ್ರಿ ಬೆಳಕು ಸ್ವಲ್ಪ ಹೆಚ್ಚಿದಂತೆ ಕಂಡಿತು. ಮೂರನೆಯ ರಾತ್ರಿ ಫರಹತಾಬಾದಿನ ಹತ್ತಿರ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದು ಎಡಗಡೆಯ ದೀಪ ಆರಿತು. ಬಾನೆಟ್ ಎತ್ತಿ ನೋಡಿದರೆ ಹೋಲ್ಡರ್ ಕರಗಿ ಬಲ್ಬಿನ ಕಾಲಿಗೆ ಅಂಟಿಕೊಂಡಿತ್ತು. ಲೈಟಿನ ಸ್ವಿಚ್ಚು ಕೈ ಇಡಲಾಗದಷ್ಟು ಕಾದಿತ್ತು. ಎರಡು ಬಲ್ಬುಗಳಿಗೆ ಹತ್ತು ಆಂಪಿಯರ್ ಸಾಗಿಸಲೆಂದು ಹಾಕಿದ ತಂತಿಯಲ್ಲಿ ಹದಿನಾರು ಹದಿನೇಳು ಆಂಪಿಯರ್ ಹರಿಸಿದರೆ ಬೇರೇನಾದೀತು? ಒಂದು ಲಾರಿಯ ಬೆನ್ನು ಹಿಡಿದು ಊರು ಸೇರಿದೆ. ಸ್ವಿಚ್ಚು, ಕಪ್ಲರ್ (ತಂತಿ ಕೂಡಿಸುವ ಸಾಕೆಟ್ಟು), ಕೂಲಿ ಸೇರಿ ಇನ್ನೂ ಒಂಬೈನೂರು ಹೋಯಿತು.

ಮುಂದಿನದು ಎಲ್‌ಇಡಿ ಬಲ್ಬು, ಎರಡು ಸಾವಿರದ ಇನ್ನೂರು. ಗೋಡೆಯ ಮೇಲೆ ಬಿದ್ದ ಬೆಳಕು ನೋಡಿ ನಾನೇ ಮೋಸಹೋದೆ. ರಸ್ತೆಗಿಳಿದಾಗ ಬಾನೆಟ್ಟಿನ ಮುಂದಿನ ಹತ್ತು ಹೆಜ್ಜೆ ಹಾಲು ಚೆಲ್ಲಿದಂತಿತ್ತು, ಅದರಾಚೆ ಕತ್ತಲೆ. ಎದುರಿನ ಲಾರಿಗಳು ಮಾತ್ರ ನನಗೆ ಡಿಪ್ಪರ್ ಹೊಡೆದದ್ದೇ ಹೊಡೆದದ್ದು. ಹ್ಯಾಲೋಜನ್ ಬಲ್ಬಿನ ತಂತು ಎಲ್ಲಿ ಕೂರುತ್ತದೆಯೋ ಆ ಸ್ಥಾನಕ್ಕೆ ಲೆಕ್ಕಹಾಕಿ ಮಾಡಿದ ರಿಫ್ಲೆಕ್ಟರಿನಲ್ಲಿ ಎಲ್‌ಇಡಿ ಚಿಪ್ಪುಗಳು ಬೇರೆ ಜಾಗದಲ್ಲಿ ಕುಳಿತರೆ ಬೆಳಕು ಚದುರದೆ ಇರದು. ಚಿಪ್ಪುಗಳು ಎಡಬಲಕ್ಕೆ ಮುಖಮಾಡುವಂತೆ ತಿರುಗಿಸಿದಾಗ ಸ್ವಲ್ಪ ಸುಧಾರಿಸಿತು, ಸಾಲಲಿಲ್ಲ. ಇದರ ಮೇಲೆ ಬಲ್ಬನ್ನು ತಂಪಾಗಿಡುವ ಹಿಂಬದಿಯ ಫ್ಯಾನಿನಿಂದಾಗಿ ಧೂಳು ತಡೆಯುವ ರಬ್ಬರ್ ಟೋಪಿ ಕೂರಲಿಲ್ಲ. ಎರೆಮಣ್ಣಿನ ಧೂಳು ಒಳಹೊಕ್ಕು, ಮೇ ತಿಂಗಳ ಬಿಸಿಲಿನಲ್ಲಿ ಒಂದರ ಫ್ಯಾನು ನಿಂತಿತು. ನಾಲ್ಕು ತಿಂಗಳೂ ಬಾಳಲಿಲ್ಲ.

ಆಗಲೂ ಬುದ್ಧಿ ಬರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಏಳು ಇಂಚಿನ ಪೂರ್ಣ ಎಲ್‌ಇಡಿ ಡೂಮುಗಳನ್ನು (ಗಾಜು, ರಿಫ್ಲೆಕ್ಟರ್ ಸೇರಿದ ಇಡೀ ದೀಪ) ಆನ್‌ಲೈನಿನಲ್ಲಿ ತರಿಸಿದೆ, ನಾಲ್ಕು ಸಾವಿರದ ಎಂಟುನೂರು. ಬೆಳಕಿನ ಅಂಚು ಗೆರೆ ಎಳೆದಂತೆ ಸ್ಪಷ್ಟವಾಗಿತ್ತು. ಆದರೂ ಎದುರಿನವರು ಬೈಯುವುದು ನಿಲ್ಲಲಿಲ್ಲ. ಎರಡು ದಿನ ಸ್ಕ್ರೂ ತಿರುಗಿಸಿ ಬೇಸತ್ತು, ಕೊನೆಗೆ ಗೋಡೆಯ ಮುಂದೆ ನಿಲ್ಲಿಸಿ ನೋಡಿದಾಗ ತಿಳಿಯಿತು: ಅಂಚು ಬಲಕ್ಕೆ ಮೇಲೇರುತ್ತಿತ್ತು. ನಾವು ರಸ್ತೆಯ ಎಡಕ್ಕೆ ಓಡಿಸುವವರು, ನಮ್ಮ ಡಿಪ್ ಬೆಳಕು ಎಡಗಡೆಯ ಪಕ್ಕದ ಕಡೆ ಏರಬೇಕು. ಇದು ಬಲಕ್ಕೆ ಓಡಿಸುವ ದೇಶಗಳಿಗೆ ಮಾಡಿದ ಮಾಲು; ಏರಿದ ಬೆಳಕು ನೇರವಾಗಿ ಎದುರಿನ ಚಾಲಕನ ಕಣ್ಣಿಗೆ ಹೋಗುತ್ತಿತ್ತು. ಮರಳಿಸುವ ಅವಧಿ ಮುಗಿದಿತ್ತು. ಕೊಳ್ಳುವವರು ಗಾಜಿನ ಚಂದ ನೋಡುವ ಮೊದಲು ಇದೊಂದನ್ನು ಕೇಳಿ ತಿಳಿಯಬೇಕು. ಆ ಜೋಡಿ ಈಗ ನಮ್ಮ ಹೊಲದ ಕಣದಲ್ಲಿ ಹಳೆಯ ಬ್ಯಾಟರಿಗೆ ಕಟ್ಟಿಕೊಂಡು ರಾಶಿಗೆ ಬೆಳಕು ಕೊಡುತ್ತಿದೆ.

ಇಷ್ಟಾದ ಮೇಲೆ ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆ: ಮಲ್ಟಿಮೀಟರ್ ಹಿಡಿದೆ. ಹಳೆಯ ಗಾಜಿನ ಡೂಮು, 60/55ರ ಸಾದಾ ಬಲ್ಬು ಮತ್ತೆ ಹಾಕಿ, ಇಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ ದೀಪ ಹಚ್ಚಿಯೇ ಅಳೆದೆ. ದೀಪ ಆರಿಸಿ ಅಳೆದರೆ ಎಲ್ಲವೂ ಸರಿಯಿದ್ದಂತೆಯೇ ತೋರುತ್ತದೆ. ಬ್ಯಾಟರಿಯಲ್ಲಿ 13.6, ಬಲ್ಬಿನ ಕಾಲುಗಳ ನಡುವೆ 10.4 ವೋಲ್ಟ್! ಹ್ಯಾಲೋಜನ್ ಬಲ್ಬಿನಲ್ಲಿ ವೋಲ್ಟೇಜಿನ ಹತ್ತರಲ್ಲೊಂದು ಪಾಲು ಕುಸಿದರೆ ಬೆಳಕಿನ ಹೆಚ್ಚು ಕಡಿಮೆ ಮೂರರಲ್ಲೊಂದು ಪಾಲು ಹೋಗುತ್ತದೆ. ನನಗೆ ಅರ್ಧದಷ್ಟೂ ಬೆಳಕು ಸಿಗುತ್ತಿರಲಿಲ್ಲ. ಕಳೆದ 3.2 ವೋಲ್ಟ್ ಎಲ್ಲಿ ಹೋಯಿತೆಂದು ಒಂದೊಂದೇ ಹಂತ ಹುಡುಕಿದೆ. ನೆನಪಿನಿಂದ ಹೇಳುವುದಾದರೆ ಲೈಟ್ ಸ್ವಿಚ್ಚೊಂದೇ ಒಂದು ವೋಲ್ಟಿಗೂ ಮಿಕ್ಕಿ ತಿನ್ನುತ್ತಿತ್ತು. ಡಿಪ್ಪರ್ ಸ್ವಿಚ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು, ತಂತಿ ಮತ್ತು ಕಪ್ಲರುಗಳಲ್ಲಿ ಒಂದರ ಹತ್ತಿರ, ಉಳಿದದ್ದು ಅರ್ಥಿನಲ್ಲಿ, ಅಂದರೆ ಕರೆಂಟು ಗಾಡಿಯ ಮೈಯಿಂದ ಬ್ಯಾಟರಿಯ ಮೈನಸ್ಸಿಗೆ ಮರಳುವ ಜೋಡಣೆಯಲ್ಲಿ. ಅರ್ಥಿನ ಬೋಲ್ಟು ಬಣ್ಣದ ಮೇಲೆ ಕೂತು, ಕೆಳಗೆ ತುಕ್ಕು ಹಿಡಿದಿತ್ತು.

ಪರಿಹಾರ ಬಲ್ಲವರಿಗೆ ಗೊತ್ತಿರುವ ರಿಲೇಗಳೇ, ಅಂದರೆ ಹಳೆಯ ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಎದ್ದು ಬ್ಯಾಟರಿಯ ದೊಡ್ಡ ಕರೆಂಟನ್ನು ನೇರ ಬಲ್ಬಿಗೆ ಹಾಯಿಸುವ ಸ್ವಿಚ್ಚುಗಳು: ಅಪ್ಪರಿಗೊಂದು (ದೂರದ ಬೆಳಕು), ಡಿಪ್ಪರಿಗೊಂದು (ತಗ್ಗಿನ ಬೆಳಕು). ಬ್ಯಾಟರಿಯ ಪ್ಲಸ್ಸಿನಿಂದ 15 ಆಂಪಿಯರಿನ ಪ್ರತ್ಯೇಕ ಫ್ಯೂಸುಗಳ ಮೂಲಕ ರಿಲೇಯ 30ನೇ ಕಾಲಿಗೆ (ಸಂಖ್ಯೆ ಕಾಲಿನ ಬಳಿಯೇ ಬರೆದಿರುತ್ತದೆ), 87ರಿಂದ ಬಲ್ಬಿಗೆ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ, ಪಿಂಗಾಣಿಯ ಹೋಲ್ಡರ್, ಎರಡೂ ದೀಪಗಳಿಂದ ಬ್ಯಾಟರಿಯ ಮೈನಸ್ಸಿಗೇ ನೇರ ಅರ್ಥು. ಹಳೆಯ ಕಪ್ಲರ್ ಈಗ ರಿಲೇಯನ್ನು ಎಬ್ಬಿಸುವಷ್ಟೇ ಕೆಲಸ ಮಾಡುತ್ತದೆ.

ಹೇಳುವಷ್ಟು ಸುಲಭವಾಗಿ ಅದು ಕೂಡಿಬರಲಿಲ್ಲ. ಮೊದಲ ಸಲ ದೀಪ ಹಚ್ಚಿದೊಡನೆ ರಿಲೇ ಕಟಕಟನೆ ಬಡಿದುಕೊಳ್ಳತೊಡಗಿತು. ರಿಲೇಯೊಳಗಿನ ಸುರುಳಿಯ ಅರ್ಥನ್ನು, ಅಂದರೆ 85ನೇ ಕಾಲನ್ನು, ಆಲಸ್ಯದಿಂದ ಅದೇ ತುಕ್ಕಿನ ಬೋಲ್ಟಿಗೆ ಕಟ್ಟಿದ್ದೆ. ಅದು ಸರಿಹೋದ ಹದಿನೈದು ದಿನಕ್ಕೆ ಅಗ್ಗದ ರಿಲೇಯ ಪಾಯಿಂಟುಗಳು ಬೆಸುಗೆಯಾಗಿ, ಕೀಲಿ ತೆಗೆದರೂ ದೀಪ ಆರಲಿಲ್ಲ; ನಡುರಾತ್ರಿ ಬ್ಯಾಟರಿಯ ತಂತಿ ಬಿಚ್ಚಿ ಮಲಗಿದೆ. ಸೆಪ್ಟೆಂಬರಿನ ಮಳೆಯಲ್ಲಿ ಮತ್ತೊಂದು ಸತ್ತಿತು, ಏಕೆಂದರೆ ಕಾಲುಗಳು ಮೇಲ್ಮುಖವಾಗಿರುವಂತೆ ಕೂರಿಸಿ ಅದನ್ನು ನೀರು ತುಂಬುವ ಬಟ್ಟಲಾಗಿಸಿದ್ದೆ. ಕಾಲು ಕೆಳಗೆ ಮಾಡಿ, ಒಳ್ಳೆಯ ರಿಲೇ ಹಾಕಿದ ಮೇಲೆ ತಕರಾರಿಲ್ಲ. ಟರ್ಮಿನಲ್ಲುಗಳಿಗೆ ನಾನು ಹಚ್ಚುವ ಲೇಪ ಯಾವುದು, ಬ್ಯಾಟರಿಯಿಂದ ಬರುವ ತಂತಿಯನ್ನು ಎಲ್ಲಿಂದ ಸುತ್ತಿಸಿ ತರುತ್ತೇನೆ ಎಂಬ ಎರಡು ಸಂಗತಿಗಳನ್ನು ಇಲ್ಲಿ ಬರೆಯುವುದಿಲ್ಲ. ಎದುರು ಕೂತು ಚಹಾ ಕುಡಿಸಿದವರಿಗೆ ಹೇಳಿದ್ದುಂಟು.

ಬಲ್ಬಿನಲ್ಲಿ ಈಗ 13.2 ವೋಲ್ಟ್. ರಿಲೇ ಕೆಲಸ ಮಾಡಿದ ಮೊದಲ ರಾತ್ರಿ ಮೈಲಿಗಲ್ಲಿನ ಅಕ್ಷರವನ್ನು ದೂರದಿಂದಲೇ ಓದಿ, ಪಕ್ಕದಲ್ಲಿ ಕೂತ ತಮ್ಮನಿಗೆ ಸಾಕಷ್ಟು ಜಂಬ ಕೊಚ್ಚಿದೆ. ಹತ್ತು ಹನ್ನೆರಡು ದಿನಗಳಲ್ಲಿ ಎರಡೂ ಬಲ್ಬುಗಳು ಒಂದೇ ರಾತ್ರಿ ಹೋದವು. ಹೊಸ ಜೋಡಿಯೂ ವಾರದಲ್ಲಿ ಹೋಯಿತು. ಉಸ್ತಾದರು ಮತ್ತೆ ನಕ್ಕರು.

ಈ ಒಗಟು ಬಿಡಿಸಲು ನನಗೆ ಒಂದು ತಿಂಗಳು ಹಿಡಿಯಿತು. ನಿಧಾನಗತಿಯಲ್ಲಿ ಮಾತ್ರ ಅಳೆದಿದ್ದೆನಲ್ಲ, ಆಕ್ಸಿಲರೇಟರ್ ಒತ್ತಿ ಅಳೆದಾಗ ಬ್ಯಾಟರಿಯಲ್ಲಿ 15.2 ವೋಲ್ಟ್ ಕಂಡಿತು. ಡೈನಮೋದ ಕಟೌಟ್, ಅಂದರೆ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್, ಎಂದೋ ಕೆಟ್ಟಿತ್ತು. ಹಳೆಯ ವೈರಿಂಗು ಮೂರು ವೋಲ್ಟ್ ನುಂಗುತ್ತಿದ್ದುದರಿಂದ ಬಲ್ಬುಗಳು ಬದುಕಿದ್ದವು. ನಾನು ಆ ದಾರಿ ಸರಿಪಡಿಸಿದೊಡನೆ ಪೂರ್ತಿ ಏಟು ಅವುಗಳ ಮೇಲೆ ಬಿದ್ದಿತು. ಸುಳಿವುಗಳು ಮೊದಲೇ ಇದ್ದವು. ವೇಗ ಏರಿದಂತೆ ದೀಪವೂ ಏರುತ್ತಿತ್ತು. ಹಳೆಯ ಗಾಡಿಯ ಗುಣವೆಂದು ಬಿಟ್ಟಿದ್ದೆ. ಬ್ಯಾಟರಿಯು ಹದಿನೈದು ದಿನಕ್ಕೊಮ್ಮೆ ನೀರು ಕೇಳುತ್ತಿತ್ತು. ಅದನ್ನು ಕಲಬುರಗಿಯ ಬಿಸಿಲಿನ ಲೆಕ್ಕಕ್ಕೆ ಬರೆದಿದ್ದೆ. ಆರುನೂರ ಐವತ್ತು ರೂಪಾಯಿಯ ಹೊಸ ಕಟೌಟ್ ಹಾಕಿದ ಮೇಲೆ ಎಷ್ಟು ಒತ್ತಿದರೂ 14.2 ದಾಟುವುದಿಲ್ಲ, ಬ್ಯಾಟರಿಯ ಬಾಯಾರಿಕೆಯೂ ನಿಂತಿದೆ.

ಬೆಳಕಿನ ಎತ್ತರವನ್ನು ಪರಿಚಿತರ ಗೋದಾಮಿನ ಗೋಡೆಗೆ ಹತ್ತು ಮೀಟರ್ ದೂರದಲ್ಲಿ ನಿಲ್ಲಿಸಿ ಹೊಂದಿಸಿದೆ. ಬಲ್ಬಿನ ನಡುಮಟ್ಟಕ್ಕೆ ಗೋಡೆಯ ಮೇಲೆ ಗೆರೆ ಎಳೆದು, ಡಿಪ್ಪಿನ ಅಂಚನ್ನು ಅದಕ್ಕಿಂತ ಹತ್ತು ಹನ್ನೆರಡು ಸೆಂಟಿಮೀಟರ್ ಕೆಳಗಿಟ್ಟೆ. ಹಿಂದೆ ನಾಲ್ಕು ಕ್ವಿಂಟಾಲ್ ತೊಗರಿ ಹೇರಿ ಮತ್ತೆ ನೋಡಿದಾಗ ಮೂತಿ ಎದ್ದು ಅಂಚು ಆರೇಳು ಸೆಂಟಿಮೀಟರ್ ಮೇಲೇರಿತ್ತು. ಆದ್ದರಿಂದ ನಾನು ಹೊಂದಿಸುವುದು ಹೇರಿನ ಸಮೇತ. ಖಾಲಿ ಗಾಡಿಯಲ್ಲಿ ತುಸು ತಗ್ಗಾಗಿ ಬಿದ್ದರೆ ನಷ್ಟವಿಲ್ಲ. ನಡುವೆ, ರಾಶಿಯ ಧೂಳಿಗೆ ಒಳ್ಳೆಯದೆಂದು ಯಾರೋ ಹೇಳಿದ್ದಕ್ಕೆ ಗಾಜಿಗೆ ಹಳದಿ ಹಾಳೆಯನ್ನೂ ಅಂಟಿಸಿದ್ದೆ. ಕಣ್ಣಿಗೆ ತಂಪೆನಿಸಿತು, ದೂರದ ಬೆಳಕು ಕಡಿಮೆಯಾಯಿತು. ನಾಲ್ಕನೆಯ ದಿನ ಕಿತ್ತೆಸೆದೆ.

ರಿಲೇ, ತಂತಿ, ಹೋಲ್ಡರ್, ಹೊಸ ಗಾಜಿನ ಡೂಮು, ಬಲ್ಬು ಎಲ್ಲ ಸೇರಿ ಎರಡು ಸಾವಿರದ ಏಳುನೂರರ ಆಸುಪಾಸು, ಕಟೌಟ್ ಬೇರೆ. ಇದಕ್ಕೂ ಮೊದಲು ಮಣ್ಣುಪಾಲಾದದ್ದು, ಹಾಳಾದ ರಿಲೇಗಳನ್ನೂ ಹಿಡಿದು, ಒಂಬತ್ತು ಸಾವಿರದ ಹತ್ತಿರ. ಬಲ್ಬು ಹಾಕಿ ಹದಿನಾಲ್ಕು ತಿಂಗಳಾದವು, ಇನ್ನೂ ಅದೇ ಜೋಡಿ ಉರಿಯುತ್ತಿದೆ, ಸ್ವಿಚ್ಚು ತಣ್ಣಗಿದೆ. ಇಲ್ಲಿಯವರೆಗೆ ಆರು ಗಾಡಿಗಳಿಗೆ ಮಾಡಿಕೊಟ್ಟಿದ್ದೇನೆ. ಕಳೆದ ತಿಂಗಳು ಉಸ್ತಾದರೇ ತಮ್ಮ ಗಿರಾಕಿಯ ಜೀಪೊಂದನ್ನು ಮನೆಯ ಮುಂದೆ ತಂದು ನಿಲ್ಲಿಸಿ, “ನಿಮ್ಮ ಗಾಡಿಗಿ ಮಾಡಿದಂಗ ಇದಕ್ಕೂ ಮಾಡ್ರಿ ಕಾಕಾ” ಎಂದರು. ಮೊದಲು ಕಟೌಟ್ ಅಳೆಯೋಣವೆಂದು ಮೀಟರ್ ಅವರ ಕೈಗೇ ಕೊಟ್ಟೆ, 14.9 ತೋರಿಸಿತು.