ಕೊಟೇಶನ್ ಮೇಲ್ ಸ್ಪ್ಯಾಮ್‌ಗೆ ಬೀಳದಂತೆ ಕಳಿಸುವುದು ಹೇಗೆ?

ತಿಪಟೂರಿನ ತೆಂಗಿನಪುಡಿ ಕಾರ್ಖಾನೆಯ ಮಾಲೀಕರೊಬ್ಬರು ಕಳೆದ ತಿಂಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ತುಮಕೂರಿನ ನನ್ನ ಅಂಗಡಿಗೆ ಬಂದರು. "ಕೊಟೇಶನ್ ಕಳಿಸಿ ಹದಿನೈದು ದಿನ ಆಯ್ತು ಸಾರ್, ಪಾರ್ಟಿ ಕಡೆಯಿಂದ ಸುದ್ದಿನೇ ಇಲ್ಲ." ಅಲ್ಲಿಂದಲೇ ಫೋನ್ ಮಾಡಿಸಿದೆ. ಮೇಲ್ ಪಾರ್ಟಿಯ ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದಿತ್ತು. ಅಷ್ಟರಲ್ಲಿ ಆರ್ಡರ್ ಬೇರೆಯವರ ಪಾಲಾಗಿತ್ತು.

ಅಂತರಸನಹಳ್ಳಿ, ಹಿರೇಹಳ್ಳಿ ಕೈಗಾರಿಕಾ ಪ್ರದೇಶದವರೂ ಇದೇ ದೂರು ಹೊತ್ತು ಬರುತ್ತಾರೆ. ಹೆಚ್ಚಿನವರು ಸಬ್ಜೆಕ್ಟ್ ಬದಲಿಸಿ ಅದೇ ಮೇಲನ್ನು ಮತ್ತೆ ಮತ್ತೆ ಕಳಿಸಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾನು ನೋಡಿದ ಮಟ್ಟಿಗೆ ತಪ್ಪು ಇರುವುದು ಬರವಣಿಗೆಯಲ್ಲಲ್ಲ, ಡೊಮೈನಿನ (ಮೇಲ್ ವಿಳಾಸದಲ್ಲಿ @ ಗುರುತಿನ ನಂತರದ ಹೆಸರು) ಡಿಎನ್‌ಎಸ್‌ನಲ್ಲಿ, ಅಂದರೆ ಆ ಹೆಸರಿಗೆ ಸೇರಿದ ಸರ್ವರ್‌ಗಳ ವಿವರ ಬರೆದಿಡುವ ದಾಖಲೆಪಟ್ಟಿಯಲ್ಲಿ.

ಹಂತ 1: ಕಂಪನಿ ಹೆಸರಿನ ಸ್ವಂತ ಡೊಮೈನ್, ಅದಕ್ಕೊಂದು ಹಣ ಕೊಟ್ಟು ಪಡೆದ ಮೇಲ್ ಸೇವೆ. ಇಷ್ಟು ಇದ್ದರೆ ಮುಂದಕ್ಕೆ ಹೋಗಿ.

ಹಂತ 2: ಎಸ್‌ಪಿಎಫ್. ಜನ ಎಡವುವುದು ಇಲ್ಲೇ, ನಿಧಾನವಾಗಿ ಓದಿ. "ನಮ್ಮ ಹೆಸರಿನಲ್ಲಿ ಈ ಲಾರಿಗಳು ಮಾತ್ರ ಮಾಲು ತರುತ್ತವೆ" ಎಂದು ಎಪಿಎಂಸಿ ಗೇಟಿನಲ್ಲಿ ಪಟ್ಟಿ ಕೊಟ್ಟಂತೆ ಇದು. ನಿಮ್ಮ ಪರವಾಗಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂಬುದನ್ನು ಡಿಎನ್‌ಎಸ್‌ನಲ್ಲಿ ಒಂದು ಟಿಎಕ್ಸ್‌ಟಿ (TXT, ಬರಹದ ದಾಖಲೆ) ಸಾಲಾಗಿ ಬರೆಯಬೇಕು.

ಮೊದಲು ಯಾರು ಯಾರು ಕಳಿಸುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಮೇಲ್ ಸೇವೆ, ವೆಬ್‌ಸೈಟಿನ ವಿಚಾರಣೆ ಫಾರ್ಮ್, ಇನ್‌ವಾಯ್ಸ್ ಕಳಿಸುವ ಬಿಲ್ಲಿಂಗ್ ಸಾಫ್ಟ್‌ವೇರ್. ಆಮೇಲೆ ಡೊಮೈನಿನ ನೇಮ್‌ಸರ್ವರ್ (ಡಿಎನ್‌ಎಸ್ ದಾಖಲೆ ಇಟ್ಟುಕೊಂಡು ಕೇಳಿದವರಿಗೆ ತೋರಿಸುವ ಸರ್ವರ್) ಎಲ್ಲಿದೆ ನೋಡಿ. ಡೊಮೈನ್ ಕೊಂಡದ್ದು ಒಂದು ಕಡೆ, ನೇಮ್‌ಸರ್ವರ್ ಹೋಸ್ಟಿಂಗ್‌ನವರ ಕಡೆ ಇದ್ದರೆ, ಕೊಂಡ ಕಡೆ ಎಷ್ಟು ತಿದ್ದಿದರೂ ಫಲವಿಲ್ಲ.

ತಿಪಟೂರಿನವರ ಡಿಎನ್‌ಎಸ್ ಪುಟ ತೆರೆದಾಗ 'ವಿ=ಎಸ್‌ಪಿಎಫ್1' (v=spf1) ಎಂದು ಶುರುವಾಗುವ ಸಾಲು ಎರಡಿದ್ದವು. ಒಂದನ್ನು ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಹಾಕಿದ್ದ, ಇನ್ನೊಂದನ್ನು ಮೇಲ್ ಸೇವೆ ಕೊಡಿಸಿದವರು. ಒಂದು ಡೊಮೈನಿಗೆ ಎಸ್‌ಪಿಎಫ್ ಸಾಲು ಒಂದೇ ಇರಬೇಕು. ಎರಡಿದ್ದರೆ ಪರಿಶೀಲನೆ ದೋಷದಲ್ಲಿ ನಿಂತುಬಿಡುತ್ತದೆ, ಎರಡೂ ಲೆಕ್ಕಕ್ಕಿಲ್ಲ. ಎರಡನ್ನೂ ಕೂಡಿಸಿ ಒಂದು ಮಾಡಿ: 'ವಿ=ಎಸ್‌ಪಿಎಫ್1' ಆರಂಭದಲ್ಲಿ ಒಮ್ಮೆ, ನಡುವೆ ಪ್ರತಿ ಸೇವೆಯನ್ನು ಸೇರಿಸುವ 'ಇನ್‌ಕ್ಲೂಡ್' (include), ಕೊನೆಗೆ ಟಿಲ್ಡೆ ಗುರುತಿನ 'ಆಲ್' (~all) ಒಮ್ಮೆ. ಹಳೆಯ ಸಾಲನ್ನು ಅಳಿಸಿ. ಈ ಸಾಲು ಓದಲು ಡಿಎನ್‌ಎಸ್ ಹುಡುಕಾಟ 10ಕ್ಕಿಂತ ಹೆಚ್ಚಾದರೂ ದೋಷವೇ, ಇನ್‌ಕ್ಲೂಡ್‌ಗಳ ಒಳಗಿನ ಇನ್‌ಕ್ಲೂಡ್‌ಗಳೂ ಎಣಿಕೆಗೆ ಸೇರುತ್ತವೆ. ಬಿಟ್ಟುಹೋದ ಸೇವೆಗಳ ಹೆಸರು ತೆಗೆದುಹಾಕಿ.

ಕೆಲವರು ಕೊನೆಗೆ ಪ್ಲಸ್ ಗುರುತಿನ 'ಆಲ್' (+all) ಹಾಕಿ "ಎಲ್ಲ ಸರಿಯಾಗುತ್ತೆ" ಅನ್ನುತ್ತಾರೆ. ಅದು ಊರಿನವರೆಲ್ಲ ನಿಮ್ಮ ಹೆಸರಿನಲ್ಲಿ ಮೇಲ್ ಕಳಿಸಬಹುದು ಎಂದು ಬರೆದುಕೊಟ್ಟಂತೆ. ಖಂಡಿತ ಬೇಡ.

ಹಂತ 3: ಡಿಕಿಮ್ (DKIM). ಇದು ಚೀಲಕ್ಕೆ ಹಾಕುವ ಸೀಲು: ಮೇಲ್ ನಿಮ್ಮ ಡೊಮೈನಿನದೇ, ದಾರಿಯಲ್ಲಿ ಬದಲಾಗಿಲ್ಲ ಎಂದು ತೋರಿಸುತ್ತದೆ. ಮೇಲ್ ಸೇವೆಯ ಅಡ್ಮಿನ್ ಪುಟ ಕೊಡುವ ಉದ್ದನೆಯ ಕೀಲಿಯನ್ನು ಡಿಎನ್‌ಎಸ್‌ಗೆ ಅಂಟಿಸಬೇಕು. ಕೀಲಿ 2048 ಬಿಟ್‌ನದೇ ಇರಲಿ. ಹೆಸರಿನ ಜಾಗದಲ್ಲಿ ಪೂರ್ತಿ ಡೊಮೈನ್ ಬರೆಯುವ ಮುಂಚೆ ನೋಡಿಕೊಳ್ಳಿ: ಹಲವು ಪ್ಯಾನೆಲ್‌ಗಳು ಡೊಮೈನನ್ನು ತಾವೇ ಸೇರಿಸುತ್ತವೆ, ಆಗ ಅದು ಎರಡು ಸಲ ಬಂದು ದಾಖಲೆ ಸಿಗುವುದೇ ಇಲ್ಲ. ಗೂಗಲ್ ವರ್ಕ್‌ಸ್ಪೇಸ್ ಬಳಸುವವರು ಕೀಲಿ ಹಾಕಿದ ಮೇಲೆ ಅಡ್ಮಿನ್ ಪುಟಕ್ಕೆ ವಾಪಸ್ ಹೋಗಿ 'ಸ್ಟಾರ್ಟ್ ಅಥೆಂಟಿಕೇಶನ್' ಒತ್ತಬೇಕು. ಇದನ್ನು ಮರೆತವರನ್ನು ಬೇಕಾದಷ್ಟು ನೋಡಿದ್ದೇನೆ. ಡಿಎನ್‌ಎಸ್ ಬದಲಾವಣೆ ಎಲ್ಲೆಡೆ ಹರಡಲು 48 ಗಂಟೆವರೆಗೂ ಹಿಡಿಯಬಹುದು.

ಹಂತ 4: ಡಿಮಾರ್ಕ್. ಮೇಲಿನ ಪರಿಶೀಲನೆಗಳಲ್ಲಿ ಪಾಸಾಗದ ಮೇಲನ್ನು ಏನು ಮಾಡಬೇಕು ಎಂದು ಪಡೆಯುವವರ ಮೇಲ್ ಸೇವೆಗೆ ಹೇಳುವ ಸಾಲು ಇದು. ಅಂಡರ್‌ಸ್ಕೋರ್ ಸೇರಿಸಿ '_ಡಿಮಾರ್ಕ್' (_dmarc) ಹೆಸರಿನಲ್ಲಿ ಇನ್ನೊಂದು ಟಿಎಕ್ಸ್‌ಟಿ ಸಾಲು. ಮೊದಲಿಗೆ ನೀತಿ 'ನನ್' (none, ಯಾವ ಕ್ರಮವೂ ಬೇಡ) ಇರಲಿ, ವರದಿ ಬರಲು ನಿಮ್ಮ ವಿಳಾಸ ಕೊಡಿ. ಒಂದೆರಡು ತಿಂಗಳು ವರದಿ ನೋಡಿ, ಎಲ್ಲ ಸರಿಯಿದ್ದರೆ 'ಕ್ವಾರಂಟೈನ್' (quarantine, ಸ್ಪ್ಯಾಮ್‌ಗೆ ಹಾಕು) ಮಾಡಿ.

ಹಂತ 5: ಪರೀಕ್ಷೆ. ನಿಮ್ಮದೇ ಜಿಮೇಲ್‌ಗೆ ಒಂದು ಕೊಟೇಶನ್ ಕಳಿಸಿ. ಕಂಪ್ಯೂಟರಿನಲ್ಲಿ ಅದನ್ನು ತೆರೆದು ಮೂರು ಚುಕ್ಕಿ ಒತ್ತಿ, 'ಶೋ ಒರಿಜಿನಲ್' ಆರಿಸಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೂ 'ಪಾಸ್' ಇರಬೇಕು. ಬಿಲ್ಲಿಂಗ್ ಸಾಫ್ಟ್‌ವೇರಿನಿಂದಲೂ, ವೆಬ್‌ಸೈಟ್ ಫಾರ್ಮಿನಿಂದಲೂ ಬೇರೆ ಬೇರೆಯಾಗಿ ಕಳಿಸಿ ನೋಡಿ.

ಇನ್ನು ಕಳಿಸುವ ರೀತಿ. ದುಡ್ಡು ಕೊಟ್ಟು ಕೊಂಡ ವಿಳಾಸಗಳ ಪಟ್ಟಿಗೆ ದರಪಟ್ಟಿ ಕಳಿಸಬೇಡಿ. ಲಕ್ಷ ಮೇಲ್ ಒಂದೇ ಏಟಿಗೆ ಕಳಿಸುತ್ತೇವೆ ಎಂದು ಮಾರುವ ಸಾಫ್ಟ್‌ವೇರ್‌ಗಳನ್ನು ಹತ್ತಿರ ಸೇರಿಸಬೇಡಿ, ವರ್ಷಗಟ್ಟಲೆ ಗಳಿಸಿದ ಡೊಮೈನಿನ ಹೆಸರು ಅವುಗಳಿಂದ ಒಂದು ವಾರದಲ್ಲಿ ಕೆಡಬಹುದು. 2024ರ ಫೆಬ್ರುವರಿಯಿಂದ ಜಿಮೇಲ್‌ನ ನಿಯಮ ಬಿಗಿಯಾಗಿದೆ: ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಡ್ಡಾಯ, ಪ್ರಚಾರದ ಮೇಲ್‌ನಲ್ಲಿ ಒಂದೇ ಕ್ಲಿಕ್ಕಿನ ಅನ್‌ಸಬ್‌ಸ್ಕ್ರೈಬ್ ಇರಬೇಕು. ಸ್ಪ್ಯಾಮ್ ದೂರು ಶೇ 0.3 ಮುಟ್ಟಬಾರದು. ನಾವು ಸಣ್ಣವರು, ಆದರೂ ಇದನ್ನೇ ಪಾಲಿಸಿ ಎಂಬುದು ನನ್ನ ಒತ್ತಾಯ. ಹಬ್ಬದ ಶುಭಾಶಯ, ದರಪಟ್ಟಿಗಳಿಗೆ ಪ್ರತ್ಯೇಕ ಸಬ್‌ಡೊಮೈನ್ (ನಿಮ್ಮ ಡೊಮೈನಿನ ಮುಂದೆ ಇನ್ನೊಂದು ಪದ ಸೇರಿಸಿದ ಹೆಸರು) ಇಟ್ಟುಕೊಳ್ಳಿ. ಕೊಟೇಶನ್ ಹೋಗುವ ವಿಳಾಸ ಅದರ ಜತೆ ಬೆರೆಯದಿರಲಿ. ಇಡೀ ಕೊಟೇಶನ್ನನ್ನು ಒಂದೇ ಚಿತ್ರವಾಗಿ ಅಂಟಿಸದೆ ನಾಲ್ಕು ಸಾಲು ಬರೆದು ಪಿಡಿಎಫ್ ಸೇರಿಸಿ.

ಈಗಾಗಲೇ ಸ್ಪ್ಯಾಮ್‌ಗೆ ಹೋಗಿರುವ ಮೇಲ್‌ಗೆ ಫೋನೇ ದಾರಿ. ಪಾರ್ಟಿಗೆ ಫೋನ್ ಮಾಡಿ, ಮೇಲ್ ತೆರೆದು 'ನಾಟ್ ಸ್ಪ್ಯಾಮ್' ಒತ್ತಲು ಹೇಳಿ, ನಿಮ್ಮ ವಿಳಾಸವನ್ನು ಕಾಂಟ್ಯಾಕ್ಟ್‌ಗೆ ಸೇರಿಸಿಕೊಳ್ಳಲು ಕೇಳಿ. ಒಂದು ಸಾಲಿನ ಉತ್ತರ ಬರೆಸಿಕೊಂಡೇ ಫೋನ್ ಇಡಿ.